ನೇತ್ರಾಣಿಯಲ್ಲಿ ನೀರಿಗಿಳಿಯುವ ಮುನ್ನ

ಹಿಂದೂಪುರ, ಕಲ್ಯಾಣದುರ್ಗದ ಕಡೆಯವರಿಗೆ ಸಮುದ್ರ ದೂರವೇ. ಆದರೆ ಮುರುಡೇಶ್ವರಕ್ಕೆ ಹೊರಟರೆ ಈಗ ದೇವರ ದರ್ಶನದ ಜತೆಗೆ ಇನ್ನೊಂದು ಆಕರ್ಷಣೆಯೂ ಇದೆ: ನೇತ್ರಾಣಿಯ ಸ್ಕೂಬಾ ಡೈವಿಂಗ್.

ಉತ್ತರ ಕನ್ನಡ ಜಿಲ್ಲೆ ಭಟ್ಕಳ ತಾಲೂಕಿನ ಈ ಪುಟ್ಟ ದ್ವೀಪ ಮುರುಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಅರಬ್ಬೀ ಸಮುದ್ರದಲ್ಲಿದೆ. ಪಾರಿವಾಳ ದ್ವೀಪ ಎಂಬ ಹೆಸರೂ ಉಂಟು. ನೌಕಾಪಡೆ ಗುಂಡು ಹಾರಿಸುವ ಅಭ್ಯಾಸಕ್ಕೆ ಇದನ್ನು ಬಳಸಿದ್ದೂ ಇದೆ. ಸುತ್ತಲಿನ ನೀರಿನಲ್ಲಿ ಹವಳಗಳಿವೆ, ಬಣ್ಣಬಣ್ಣದ ಮೀನುಗಳಿವೆ.

ಹವಳ, ಅಂದರೆ ತೆಲುಗಿನ ಪಗಡಂ, ಕಲ್ಲಲ್ಲ, ಜೀವಿ. (ಉಂಗುರಕ್ಕೆ ಕೂರಿಸುವ ಕೆಂಪು ಹವಳ ಬೇರೆ ಜಾತಿ, ಬಹುಪಾಲು ಮೆಡಿಟರೇನಿಯನ್ ಕಡೆಯದು.) ಸುಣ್ಣದ ಗೂಡಿನ ಮೇಲೆ ತೆಳುವಾದ ಜೀವಂತ ಪದರವಿರುತ್ತದೆ. ಕೈ ತಾಗಿದರೆ ಅದು ಗಾಯಗೊಂಡು ರೋಗ ಹತ್ತಬಹುದು. ಬಂಡೆಯಂತೆ ಕಾಣುವ ಹವಳ ವರ್ಷಕ್ಕೆ ಬೆಳೆಯುವುದು ಒಂದು ಸೆಂ.ಮೀ. ಆಸುಪಾಸು. ನಿಮ್ಮ ಕಾಲಿನ ಒಂದೇ ಒದೆತಕ್ಕೆ ಮುರಿಯುವುದು ಎಷ್ಟು ವರ್ಷದ ಬೆಳವಣಿಗೆ ಎಂದು ನೀವೇ ಲೆಕ್ಕ ಹಾಕಿ!

ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ಗಾಬರಿಯಾಗಿ ಹವಳವನ್ನೇ ಹಿಡಿದುಕೊಳ್ಳುವುದು. ಈಜು ಬಾರದವರನ್ನೂ ತರಬೇತುದಾರ ಹಿಡಿದುಕೊಂಡೇ ಕರೆದೊಯ್ಯುತ್ತಾನೆ; ಹಿಡಿಯುವುದಾದರೆ ಅವನನ್ನು ಹಿಡಿಯಿರಿ. ತಳಕ್ಕೆ ತಾಗದೆ ತೇಲುವಂತೆ ಸೊಂಟದ ತೂಕ ಸರಿಯಾಗಿದೆಯೇ ಎಂದು ಮೊದಲೇ ಕೇಳಿ. ಕಾಲಿನ ರೆಕ್ಕೆ ಜೋರಾಗಿ ಬಡಿದರೆ ಮರಳೆದ್ದು ಹವಳದ ಮೇಲೆ ಕೂರುತ್ತದೆ. ಸನ್‌ಸ್ಕ್ರೀನ್ ಬದಲು ತುಂಬು ತೋಳಿನ ಅಂಗಿ ಲೇಸು. ಆಕ್ಸಿಬೆಂಜೋನ್ ಇರುವ ಕ್ರೀಮಿನ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದೆ. ದೋಣಿಯವರು ಲಂಗರನ್ನು ಹವಳದ ಮೇಲೆ ಇಳಿಸುತ್ತಿದ್ದರೆ ಸುಮ್ಮನಿರಬೇಡಿ, ಹಣ ಕೊಟ್ಟವರು ನೀವು. ಆಮೆ ಕಂಡರೆ ಬೆನ್ನಟ್ಟುವುದು, ಮೀನಿಗೆ ಬಿಸ್ಕತ್ತು ಹಾಕುವುದು ಎರಡೂ ಬೇಡ.

ನೆನಪಿಗೆಂದು ಹವಳದ ಚೂರು ತರುವುದು ಕಾನೂನಿನ ಪ್ರಕಾರ ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಪಟ್ಟಿಗೆ ತಿಮಿಂಗಿಲ ಶಾರ್ಕ್, ಹವಳ, ಕಡಲಕುದುರೆಗಳು 2001ರಲ್ಲೇ ಸೇರಿವೆ. ಆ ಪಟ್ಟಿಯ ಪ್ರಾಣಿಗಳಿಗೆ ಸಂಬಂಧಿಸಿದ ಅಪರಾಧಕ್ಕೆ 3ರಿಂದ 7 ವರ್ಷ ಜೈಲು. ಕನಿಷ್ಠ ದಂಡವನ್ನು 2022ರ ತಿದ್ದುಪಡಿ 25 ಸಾವಿರ ರೂಪಾಯಿಗೆ ಏರಿಸಿತು.

ಇದೆಲ್ಲ ನಮಗೆ ತೀರಾ ಹೊಸತೇನಲ್ಲ. ಹಿಂದೂಪುರದ ಹತ್ತಿರ ಚಿಲಮತ್ತೂರು ಮಂಡಲದ ವೀರಾಪುರದಲ್ಲಿ ಊರೊಳಗಿನ ಮರಗಳಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಊರಿನವರು ಅವುಗಳ ತಂಟೆಗೆ ಹೋಗುವುದಿಲ್ಲ, ನೋಡಲು ಬಂದವರನ್ನೂ ಹೋಗಗೊಡುವುದಿಲ್ಲ. ನೇತ್ರಾಣಿಯ ನೀರಿನಡಿಯಲ್ಲಿ ಹಾಗೆ ಗದರಿಸಲು ಊರಿನವರಿಲ್ಲ.

ಮಳೆಗಾಲದಲ್ಲಿ ಡೈವಿಂಗ್ ನಡೆಯುವುದಿಲ್ಲ. ದಸರಾ ಕಳೆದ ಮೇಲೆ ವಿಚಾರಿಸಿಕೊಂಡು ಹೊರಡಿ.