ತಜ್ಞರ ಅರಿವು, ಯಂತ್ರದ ನಿಯಮ

ಕೃತಕ ಬುದ್ಧಿಮತ್ತೆ ಉದ್ಯಮಕ್ಕೆ ಕಾಲಿಟ್ಟದ್ದು ನಿನ್ನೆ ಮೊನ್ನೆಯಲ್ಲ. 1980ರಲ್ಲಿ ಅಮೆರಿಕದ ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿ ‘ಎಕ್ಸ್‌ಕಾನ್’ ಎಂಬ ವ್ಯವಸ್ಥೆಯನ್ನು ಬಳಕೆಗೆ ತಂದಿತು. ಗ್ರಾಹಕರು ಕೇಳಿದ ಗಣಕಯಂತ್ರಕ್ಕೆ ಯಾವ ಬಿಡಿಭಾಗ, ಯಾವ ಕೇಬಲ್ ಬೇಕೆಂಬುದನ್ನು ತಜ್ಞರಿಂದ ಪಡೆದ ನಿಯಮಗಳ ಮೂಲಕ ಅದು ನಿರ್ಧರಿಸುತ್ತಿತ್ತು. ತಪ್ಪುಗಳು ತಗ್ಗಿದವು, ವರ್ಷಕ್ಕೆ ಕೋಟ್ಯಂತರ ಡಾಲರ್ ಉಳಿತಾಯವೆಂದು ಅಂದಾಜಾಯಿತು. ಇತರ ಕಂಪನಿಗಳೂ ಇಂಥ ವ್ಯವಸ್ಥೆಗಳಿಗೆ ಹಣ ಹೂಡಿದವು.

ಆದರೆ ಹೊಸ ಮಾದರಿ ಬಂದಾಗಲೆಲ್ಲ ನಿಯಮ ತಿದ್ದಬೇಕಿತ್ತು. ನೂರಾರಿದ್ದ ನಿಯಮಗಳು ಸಾವಿರಾರಾದವು, ನಿರ್ವಹಣೆಯೇ ಹೊರೆಯಾಯಿತು. ದಶಕದ ಕೊನೆಗೆ ಉದ್ಯಮಗಳ ಉತ್ಸಾಹ ಕುಗ್ಗಿತು.

ಇಂದಿನ ವ್ಯವಸ್ಥೆಗಳು ಅಪಾರ ಮಾಹಿತಿಯಿಂದ ತಾವೇ ಕಲಿಯುತ್ತವೆ, ನಿಜ. ಆದರೂ ಹಳೆಯ ಪ್ರಶ್ನೆ ಉಳಿದಿದೆ: ಯಂತ್ರವನ್ನು ಕೊಳ್ಳಬಹುದು, ಅದರ ಅರಿವು ಹಳಸದಂತೆ ಕಾಯುವವರು ಯಾರು? ನಾಳೆ ಉದ್ಯೋಗಕ್ಕೆ ಸೇರುವ ನೀವು ಈ ಪ್ರಶ್ನೆಯನ್ನು ಮರೆಯಬೇಡಿ.