ತಲೆ ಮೇಲೆ ಕಾದಂಬರಿ ಹೊತ್ತು ಊರೂರು ತಿರುಗಿದ ಮೇಷ್ಟ್ರು

ಮರೆತ ಹೆಸರುಗಳು | ಭಾಗ 6

ಹೆಬ್ಬಾಳದಲ್ಲೋ ಯಲಹಂಕದಲ್ಲೋ ಕೂತು ಪುಸ್ತಕ ಆರ್ಡರ್ ಮಾಡಿದ್ರೆ ಎರಡು ದಿನಕ್ಕೆ ಬಾಗಿಲಿಗೇ ಬರುತ್ತೆ. ನೂರು ವರ್ಷದ ಹಿಂದೆ ಹೀಗೆ ಬಾಗಿಲಿಗೆ ಪುಸ್ತಕ ತರ್ತಾ ಇದ್ದವರು ಅದನ್ನ ಬರೆದವರೇ! ಅವರ ಹೆಸರು ಗಳಗನಾಥ.

ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ (1869–1942). ವೃತ್ತಿಯಲ್ಲಿ ಶಾಲಾ ಮಾಸ್ತರರು. ಯಶವಂತಪುರದಲ್ಲಿ ಹುಬ್ಬಳ್ಳಿ ಕಡೆ ರೈಲು ಹತ್ತಿದ್ರೆ ದಾರಿಯಲ್ಲಿ ಹಾವೇರಿ ಸಿಗುತ್ತಲ್ಲ, ಆ ಸೀಮೆಯವರು. ವರದಾ ನದಿ ತುಂಗಭದ್ರೆಯನ್ನ ಸೇರೋ ಜಾಗದಲ್ಲಿರೋ ಗಳಗನಾಥ ಅವರ ಊರು. ಊರಿನ ಹೆಸರನ್ನೇ ಕಾವ್ಯನಾಮ ಮಾಡಿಕೊಂಡರು.

ಇವರು ತಮ್ಮ ಪುಸ್ತಕದ ಗಂಟನ್ನ ತಲೆ ಮೇಲೆ ಹೊತ್ತು ಊರೂರು ಅಲೆದು ಮಾರಿದರು. ಈ ಮಾತನ್ನ ಸಾಮಾನ್ಯವಾಗಿ 'ಅಯ್ಯೋ ಪಾಪ' ಅನ್ನೋ ದನಿಯಲ್ಲಿ ಹೇಳ್ತಾರೆ. ಆದರೆ ಅದು ಬರೀ ಕಷ್ಟದ ಕಥೆಯಲ್ಲ. ಯಾಕೆ ಅಂತ ನೋಡಿ.

ಆಗ ಹಾವೇರಿ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿತ್ತು. ಅಲ್ಲಿ ಮರಾಠಿಯದೇ ಜೋರು. ಕನ್ನಡ ಮಾತಾಡೋರು ಮೈಸೂರು, ಮುಂಬೈ, ಹೈದರಾಬಾದು, ಮದ್ರಾಸು, ಕೊಡಗು ಅಂತ ಹಂಚಿಹೋಗಿದ್ದರು. ಎಲ್ಲರೂ ಒಂದೇ ರಾಜ್ಯಕ್ಕೆ ಬಂದದ್ದು 1956ರಲ್ಲಿ, ಅಂದ್ರೆ ಗಳಗನಾಥರು ತೀರಿಕೊಂಡು 14 ವರ್ಷ ಆದಮೇಲೆ. ಇನ್ನು 1911ರ ಜನಗಣತಿ ಪ್ರಕಾರ ಭಾರತದಲ್ಲಿ ಓದು ಬರಹ ಬಲ್ಲವರು ನೂರಕ್ಕೆ ಸುಮಾರು ಆರು ಜನ. ಆ ಆರರಲ್ಲಿ ಕನ್ನಡ ಕಾದಂಬರಿಯನ್ನ ದುಡ್ಡು ಕೊಟ್ಟು ತಗೊಳ್ಳೋರು ಎಷ್ಟು ಜನ ಇರಬಹುದು, ನೀವೇ ಊಹಿಸಿ.

ಅಂದ್ರೆ ಪುಸ್ತಕ ಬರೆದರೆ ಸಾಲದು, ಓದುಗರನ್ನೂ ತಾವೇ ಹುಡುಕಬೇಕಿತ್ತು. ಅದಕ್ಕೆ ಅವರು ಎರಡು ದಾರಿ ಹಿಡಿದರು. ಒಂದು, ಪತ್ರಿಕೆ: 1907ರಲ್ಲಿ ಅಗಡಿಯ ಆನಂದವನದಿಂದ ಶುರುವಾದ 'ಸದ್ಬೋಧ ಚಂದ್ರಿಕೆ'ಗೆ ಅವರು ಸಂಪಾದಕರಾದರು. ಅಂಗಡಿ ಇಲ್ಲದ ಹಳ್ಳಿಗೂ ಅಂಚೆಯಲ್ಲಿ ಪತ್ರಿಕೆ ಹೋಗುತ್ತೆ, ಚಂದಾದಾರ ತಿಂಗಳು ತಿಂಗಳೂ ಕಾಯ್ತಾನೆ, ಓದೋ ಚಟ ಹತ್ತುತ್ತೆ. ಇನ್ನೊಂದು ದಾರಿ, ಆ ತಲೆ ಮೇಲಿನ ಗಂಟು.

ಆ ಗಂಟಿನಲ್ಲಿ ಇದ್ದದ್ದೇನು? ಹೆಚ್ಚಾಗಿ ಇತಿಹಾಸದ ಕಾದಂಬರಿಗಳು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಕೃತಿಯಿಂದ 'ಕನ್ನಡಿಗರ ಕರ್ಮಕಥೆ' ತಂದರು. ಅದು ವಿಜಯನಗರ ಬಿದ್ದ ಕಥೆ. ಆಮೇಲೆ 1923ರಲ್ಲಿ ತಮ್ಮದೇ 'ಮಾಧವ ಕರುಣಾವಿಲಾಸ' ಬರೆದರು. ಅದು ವಿಜಯನಗರ ಎದ್ದ ಕಥೆ. ಹರಿದು ಹಂಚಿಹೋದ ಕನ್ನಡಿಗರಿಗೆ 'ನಮ್ಮದೂ ಒಂದು ದೊಡ್ಡ ರಾಜ್ಯ ಇತ್ತು' ಅಂತ ಮನೆ ಬಾಗಿಲಿಗೇ ಹೋಗಿ ಹೇಳಿದ ಹಾಗಾಯ್ತು.

ಇವತ್ತು ಅವರನ್ನ 'ಕನ್ನಡ ಕಾದಂಬರಿ ಪಿತಾಮಹ' ಅಂತಾರೆ. ಆದರೆ ನಮ್ಮ ಕ್ಲಾಸಲ್ಲಿ ಕೇಳಿ ನೋಡಿ, ಅವರ ಒಂದು ಪುಸ್ತಕದ ಹೆಸರು ಹೇಳೋರು ಸಿಗೋದು ಕಷ್ಟ.

ನಮ್ಮಲ್ಲೂ ಬರೆಯೋರು ಇದ್ದಾರೆ. 'ನನ್ನ ಕವಿತೆ ನಾನೇ ಶೇರ್ ಮಾಡಿದ್ರೆ ಜಂಬ ಅಂದ್ಕೋತಾರೆ' ಅಂತ ಡ್ರಾಫ್ಟಲ್ಲೇ ಇಟ್ಟುಬಿಡ್ತಾರೆ. ಗಳಗನಾಥರು ಮೆರೆಸಿದ್ದು ತಮ್ಮ ಹೆಸರನ್ನಲ್ಲ. ಪುಸ್ತಕದ ಮೇಲೆ ಹಾಕಿದ್ದೂ ಊರಿನ ಹೆಸರನ್ನೇ. ಬರೆದದ್ದು ಓದುಗರ ಕೈ ಸೇರೋವರೆಗೂ ತನ್ನ ಕೆಲಸ ಮುಗಿಯಲಿಲ್ಲ ಅಂದುಕೊಂಡವರು ಅವರು. ಅದರಲ್ಲಿ ನಾಚಿಕೆ ಪಡೋದೇನಿದೆ?

ಮನೇಲಿ ಅಜ್ಜ ಅಜ್ಜಿ ಗಳಗನಾಥರನ್ನ ಓದಿದ್ದಾರಾ? ಕೇಳಿ, ಕಾಮೆಂಟಲ್ಲಿ ಹೇಳಿ.

ಮುಂದಿನ ಭಾಗ: 1913ರಲ್ಲಿ ನಂಜನಗೂಡಿನಲ್ಲಿ 'ಸತೀ ಹಿತೈಷಿಣಿ' ಗ್ರಂಥಮಾಲೆ ಶುರುಮಾಡಿ ತಮ್ಮ ಪುಸ್ತಕಗಳನ್ನ ತಾವೇ ಪ್ರಕಟಿಸಿದ ತಿರುಮಲಾಂಬ.

#ಮರೆತಹೆಸರುಗಳು #ಗಳಗನಾಥ #ಕನ್ನಡಕಾದಂಬರಿ