ನೆಲದ ಟಿಕೆಟ್ಟು ಕಾಣೆಯಾದ ಕಥೆ

ಬೇಸಿಗೆ ರಜೆ ಬಂದರೆ, ರಂಜಾನ್ ಹಬ್ಬ ಮುಗಿದು ಮಕ್ಕಳ ಕೈಯಲ್ಲಿ ಈದಿಯ ದುಡ್ಡು ಕೂಡಿದರೆ, ಕೋಲಾರ ಜಿಲ್ಲೆಯ ಮನೆಗಳಲ್ಲಿ ಈಗ ಒಂದೇ ಮಾತು: ‘ಪಾರ್ಕಿಗೆ ಹೋಗೋಣ’. ಪಾರ್ಕು ಎಂದರೆ ಊರಿನ ಪುರಸಭೆಯ ಉದ್ಯಾನವಲ್ಲ. ಬೆಂಗಳೂರಿನಾಚೆ ಬಿಡದಿಯ ಬಳಿ ಇರುವ, ನೀರಿನ ಜಾರುಬಂಡೆ, ಆಕಾಶ ಮುಟ್ಟುವ ತೊಟ್ಟಿಲು, ಎದೆ ನಡುಗಿಸುವ ಆಟಗಳ ಅಮ್ಯೂಸ್‌ಮೆಂಟ್ ಪಾರ್ಕು. ಮುಳಬಾಗಿಲು, ಶ್ರೀನಿವಾಸಪುರದವರಿಗೆ ಅದು ನೂರು ಕಿಲೋಮೀಟರಿಗೂ ಮೀರಿದ ದಾರಿ. ದಾರಿಯ ದೂರಕ್ಕಿಂತ ದೊಡ್ಡದು ಗೇಟಿನ ಎತ್ತರ. ಅಲ್ಲಿ ದೊಡ್ಡವರ ಒಂದು ಟಿಕೆಟ್ಟು ಸಾವಿರ ರೂಪಾಯಿ ದಾಟಿ ಕಾಲವಾಗಿದೆ.

ಇದನ್ನು ನಮ್ಮ ಕಡೆಯ ಲೆಕ್ಕದಲ್ಲಿ ನೋಡೋಣ. 2025-26ರಲ್ಲಿ ನಮ್ಮ ರಾಜ್ಯದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ ಇತ್ತು. ತಂದೆ, ತಾಯಿ, ಬೆಳೆದ ಇಬ್ಬರು ಮಕ್ಕಳು ಗೇಟು ದಾಟಲು ತಲಾ ಸಾವಿರವೆಂದರೂ 11 ದಿನದ ಕೂಲಿ ಬೇಕು. 2025ರ ಜೂನ್‌ನಲ್ಲಿ ತೋತಾಪುರಿ ಮಾವಿನ ಬೆಲೆ ಕುಸಿದು ಶ್ರೀನಿವಾಸಪುರದ ರೈತರು ಬೀದಿಗಿಳಿದರು. ಆಗ ಮಾರುಕಟ್ಟೆ ಮಧ್ಯಪ್ರವೇಶ ಯೋಜನೆಯಡಿ ಕೇಂದ್ರ ಸರ್ಕಾರ ಒಪ್ಪಿದ ದರ ಕ್ವಿಂಟಲ್‌ಗೆ 1,616 ರೂಪಾಯಿ. ಟಿಕೆಟ್ಟು, ಪ್ರಯಾಣ, ಊಟ ಎಲ್ಲ ಸೇರಿಸಿದರೆ ಒಬ್ಬರ ಒಂದು ದಿನದ ಸಂತೋಷಕ್ಕೆ ಒಂದು ಕ್ವಿಂಟಲ್ ಮಾವು ಸಾಲದು.

ಕೊಟ್ಟ ಹಣಕ್ಕೆ ತಕ್ಕ ಸುಖ ಸಿಗುತ್ತದೆಯೇ ಎಂಬ ಪ್ರಶ್ನೆ ಸಹಜ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ಆಟಕ್ಕೆ ಹಣ ಕೊಡುತ್ತಿದ್ದ ನಾವು ಒಳಗೆ ಕಾಲಿಡುವುದಕ್ಕೇ ಹಣ ಕೊಡಲು ಶುರುಮಾಡಿದ್ದು ಯಾವಾಗ?

ಸುಂಕ ಕೊಟ್ಟವರು ಯಾರು?

ನಮ್ಮ ಈ ಸೀಮೆಗೆ ಮನರಂಜನೆ ಹೊಸದಲ್ಲ. ಮುಳಬಾಗಿಲಿನ ಹಜರತ್ ಬಾಬಾ ಹೈದರ್ ವಲಿ ದರ್ಗಾದ ಉರೂಸ್‌ಗೆ ಹಿಂದೂಗಳೂ ಮುಸ್ಲಿಮರೂ ಒಟ್ಟಿಗೆ ಸೇರುತ್ತಾರೆ. ಅದೇ ತಾಲ್ಲೂಕಿನ ಆವಣಿಯಲ್ಲಿ ಶಿವರಾತ್ರಿಯ ಹೊತ್ತಿಗೆ ದನಗಳ ಜಾತ್ರೆ. ಮಾಲೂರು ತಾಲ್ಲೂಕಿನ ಚಿಕ್ಕತಿರುಪತಿಯಲ್ಲಿ ಶ್ರಾವಣ ಶನಿವಾರಗಳ ಜನಸಂದಣಿ. ಬಳೆ ಅಂಗಡಿ, ಬೆಂಡು ಬತ್ತಾಸು, ಕಡ್ಲೆಪುರಿ, ಬಣ್ಣದ ಚಿತ್ರಗಳ ಪೆಟ್ಟಿಗೆ, ಡೊಂಬರಾಟ ಜಾತ್ರೆಗಳ ಜೀವಾಳವಾಗಿದ್ದವು. ತೆಲುಗು ಬೆರೆತ ನಮ್ಮ ಗಡಿಭಾಗದಲ್ಲಿ ‘ರಂಗುಲ ರಾಟ್ನಂ’ ಎಂದು ಕರೆಯುವ ಬಣ್ಣದ ತಿರುಗು ತೊಟ್ಟಿಲು ಮಕ್ಕಳ ಪಾಲಿಗೆ ಇವೆಲ್ಲಕ್ಕಿಂತ ಮೇಲು.

ಈ ಜಾತ್ರೆಗಳ ಲೆಕ್ಕಾಚಾರವನ್ನು ಗಮನಿಸಬೇಕು. ಸುಂಕ ಕೊಡುತ್ತಿದ್ದವನು ಅಂಗಡಿ ಹಾಕಿದವನು, ದನ ಮಾರುವವನು, ತೊಟ್ಟಿಲು ನೆಟ್ಟವನು. ಸುಂಕ ವಸೂಲಿಯ ಹಕ್ಕನ್ನು ಹರಾಜು ಹಾಕುವ ಪದ್ಧತಿಯೂ ಇತ್ತು. ನೋಡಲು ಬಂದವನಿಂದ ಮಾತ್ರ ಯಾರೂ ಕಾಸು ಕೇಳುತ್ತಿರಲಿಲ್ಲ. ಜೇಬು ಖಾಲಿಯಿದ್ದವನೂ ಜಾತ್ರೆಯನ್ನು ನೋಡಬಹುದಿತ್ತು. ನಾಲ್ಕಾಣೆ ಇದ್ದ ಹುಡುಗ ಒಂದು ಸಲ ತೊಟ್ಟಿಲು ಏರುತ್ತಿದ್ದ, ಎಂಟಾಣೆ ಇದ್ದವನು ಎರಡು ಸಲ. ಮೊಮ್ಮಗು ಏರಿದಾಗ ಕೆಳಗೆ ನಿಂತು ನೋಡುವ ಅಜ್ಜಿಗೆ ಖರ್ಚೇ ಇರಲಿಲ್ಲ.

ಟೆಂಟ್ ಸಿನಿಮಾ ಬಂದಾಗ ಗೇಟು ಬಂತು. ಆದರೆ ಅಲ್ಲಿ ನೆಲ, ಬೆಂಚು, ಕುರ್ಚಿ ಎಂಬ ದರ್ಜೆಗಳಿದ್ದವು. ಕುರ್ಚಿಯವನೂ ನೆಲದವನೂ ನೋಡುತ್ತಿದ್ದುದು ಒಂದೇ ಚಿತ್ರವನ್ನು. ದರ್ಜೆಯ ಅವಮಾನ ಅದರಲ್ಲಿ ಇತ್ತು, ನಿಜ. ಆದರೆ ಬಡವನಿಗೆಂದು ಒಂದು ಟಿಕೆಟ್ಟೂ ಇತ್ತು.

ಇಸ್ತಾಂಬುಲ್‌ನಿಂದ ಕೋನಿ ಐಲೆಂಡ್‌ಗೆ

ತಿರುಗು ತೊಟ್ಟಿಲಿನ ಇತಿಹಾಸ ದೊಡ್ಡದು. 1615ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಸ್ಮಾನಿಯಾ ಸಾಮ್ರಾಜ್ಯದ ರಾಜಧಾನಿ ಇಸ್ತಾಂಬುಲ್‌ನಲ್ಲಿದ್ದ. ಅಲ್ಲಿನ ರಂಜಾನ್ ಸಂಭ್ರಮದಲ್ಲಿ ದೊಡ್ಡ ಉಯ್ಯಾಲೆಗಳನ್ನೂ ತಿರುಗುವ ಮಹಾಚಕ್ರವನ್ನೂ ಕಂಡು, ತಾನೂ ಅದನ್ನೇರಿದ ಆನಂದವನ್ನು ಬರೆದಿಟ್ಟ. ಇದೇ ದೆಲ್ಲಾ ವಾಲೆ 1623ರಲ್ಲಿ ನಮ್ಮ ಕನ್ನಡ ನಾಡಿಗೂ ಬಂದು, ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡವನು. 1620ರಲ್ಲಿ ಇಂಗ್ಲಿಷ್ ಪ್ರವಾಸಿ ಪೀಟರ್ ಮಂಡಿ ಕೂಡ ಇಂದಿನ ಬಲ್ಗೇರಿಯಾದ ಪ್ಲೊವ್ದಿವ್‌ನಲ್ಲಿ ಇಂಥ ಚಕ್ರಗಳನ್ನು ನೋಡಿದ್ದ. ಪಶ್ಚಿಮದಿಂದ ಬಂದ ಯಂತ್ರವೆಂದು ನಾವು ಭಾವಿಸುವ ಜೈಂಟ್ ವೀಲ್‌ನ ಮರದ ಪೂರ್ವಜ ಪೂರ್ವದ ಹಬ್ಬಗಳಲ್ಲಿ ಆಗಲೇ ತಿರುಗುತ್ತಿತ್ತು.

ಉಕ್ಕಿನ ಚಕ್ರ ಬಂದದ್ದು 1893ರಲ್ಲಿ, ಚಿಕಾಗೋದ ವಿಶ್ವ ಮೇಳದಲ್ಲಿ. ಜಾರ್ಜ್ ಫೆರಿಸ್ ಕಟ್ಟಿದ ಆ ಚಕ್ರದ ಎತ್ತರ 264 ಅಡಿ. 36 ಡಬ್ಬಿಗಳು, ಒಂದೊಂದರಲ್ಲಿ 60 ಜನ. ಏರಲು 50 ಸೆಂಟ್. ಎರಡೇ ವರ್ಷದಲ್ಲಿ, 1895ರಲ್ಲಿ, ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ ಪಾಲ್ ಬಾಯ್ಟನ್ ಎಂಬಾತ ತನ್ನ ಆಟಗಳ ಸುತ್ತ ಬೇಲಿ ಹಾಕಿ, ಒಳಗೆ ಬರುವುದಕ್ಕೇ ಶುಲ್ಕ ವಿಧಿಸಿದ. 1897ರಲ್ಲಿ ಅಲ್ಲೇ ಜಾರ್ಜ್ ಟಿಲ್ಯೂ ಕೂಡ ಬೇಲಿಯೊಳಗಿನ ತನ್ನ ಪಾರ್ಕನ್ನು ತೆರೆದ. ಜಾತ್ರೆ ಪಾರ್ಕಾಗಿ ಬದಲಾದದ್ದು ಯಂತ್ರದಿಂದಲ್ಲ, ಬೇಲಿಯಿಂದ.

1955ರ ಜುಲೈಯಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ತೆರೆದಾಗ ದೊಡ್ಡವರ ಪ್ರವೇಶ ದರ ಒಂದು ಡಾಲರ್. ಅಂದಿನ ಅಮೆರಿಕದ ಕನಿಷ್ಠ ಕೂಲಿ ಗಂಟೆಗೆ 75 ಸೆಂಟ್. ಅಂದರೆ 80 ನಿಮಿಷದ ದುಡಿಮೆಗೆ ಗೇಟು ತೆರೆಯುತ್ತಿತ್ತು. ಆಟಗಳಿಗೆ ಬೇರೆ ಟಿಕೆಟ್ಟು ಕೊಳ್ಳಬೇಕಿತ್ತು. 1982ರಲ್ಲಿ ಆ ಬಿಡಿ ಟಿಕೆಟ್ಟುಗಳು ರದ್ದಾಗಿ, ಎಲ್ಲ ಆಟಗಳೂ ಸೇರಿದ ಒಂದೇ ಟಿಕೆಟ್ಟು ಬಂತು. 2024ರಲ್ಲಿ ಜನ ಹೆಚ್ಚಿರುವ ದಿನಗಳ ದರ 206 ಡಾಲರ್ ಆಯಿತು. ಅಮೆರಿಕದ ಕೇಂದ್ರ ಸರ್ಕಾರ ನಿಗದಿ ಮಾಡಿರುವ 7.25 ಡಾಲರ್ ಕನಿಷ್ಠ ಕೂಲಿಯ ಲೆಕ್ಕದಲ್ಲಿ ಅದು 28 ಗಂಟೆಗೂ ಮೀರಿದ ದುಡಿಮೆ. ಶ್ರೀಮಂತ ದೇಶದ ಕೂಲಿಕಾರನೂ ನಮ್ಮ ಮುಳಬಾಗಿಲಿನ ಕೂಲಿಕಾರನಂತೆಯೇ ಬೇಲಿಯ ಹೊರಗೆ ನಿಂತಿದ್ದಾನೆ.

ನಮ್ಮ ನಾಡಿನ ಗೇಟುಗಳು

ಭಾರತದಲ್ಲಿ ದೆಹಲಿಯ ಅಪ್ಪು ಘರ್ 1984ರಲ್ಲಿ, ಮುಂಬಯಿಯ ಎಸ್ಸೆಲ್‌ವರ್ಲ್ಡ್ 1989ರಲ್ಲಿ ಶುರುವಾದವು. ಎರಡೂ ಈಗ ಮುಚ್ಚಿವೆ. ಉದಾರೀಕರಣದ ನಂತರ ಬೆಂಗಳೂರಿನ ಕೈಯಲ್ಲಿ ಹಣ ಓಡಾಡತೊಡಗಿತು. 2005ರಲ್ಲಿ ಬಿಡದಿಯ ಬಳಿ ವಂಡರ್‌ಲಾ ತೆರೆಯಿತು. ಕೋಲಾರದ ಶಾಲೆಗಳ ಪ್ರವಾಸದ ಪಟ್ಟಿಗೆ ಬೇಲೂರು, ಹಳೇಬೀಡು, ಮೈಸೂರಿನ ಜೊತೆ ಪಾರ್ಕೂ ಸೇರಿತು.

ಪಾರ್ಕಿನವರ ಮಾತನ್ನೂ ಕೇಳಬೇಕು. ಯಂತ್ರಗಳ ಬೆಲೆ, ದಿನನಿತ್ಯದ ತಪಾಸಣೆ, ನೀರಿನ ಶುದ್ಧೀಕರಣ, ವಿದ್ಯುತ್ತು, ನೂರಾರು ನೌಕರರ ಸಂಬಳ ಯಾವುದೂ ಅಗ್ಗವಲ್ಲ. ಜಾತ್ರೆಯ ತೊಟ್ಟಿಲಿಗೆ ಸುರಕ್ಷತೆಯ ಪಟ್ಟಿ ಕೂಡ ಇರದ ಕಾಲವನ್ನು ನೆನೆದರೆ ಈ ಖರ್ಚು ವ್ಯರ್ಥವೆನ್ನಲಾಗದು. ಸರ್ಕಾರದ ಪಾಲೂ ಸಣ್ಣದಲ್ಲ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಈ ಪಾರ್ಕುಗಳಿಗೆ ಶೇ. 28 ತೆರಿಗೆ ಬಿತ್ತು. 2018ರ ಜನವರಿಯಲ್ಲಿ ಅದನ್ನು ಶೇ. 18ಕ್ಕೆ ಇಳಿಸಲಾಯಿತು. ವಿದ್ಯಾರ್ಥಿಗಳಿಗೆ, ಹಿರಿಯರಿಗೆ ರಿಯಾಯಿತಿ ಕೊಡುವ ಪಾರ್ಕುಗಳೂ ಇವೆ. ದಿನವಿಡೀ ಎಲ್ಲ ಆಟಗಳನ್ನೂ ಆಡುವ ಹದಿನೆಂಟರ ಹುಡುಗನಿಗೆ ಒಂದೇ ಟಿಕೆಟ್ಟು ನಿಜಕ್ಕೂ ಲಾಭ.

ಆದರೆ ಕುಟುಂಬದಲ್ಲಿ ಎಲ್ಲರೂ ಹದಿನೆಂಟರವರಲ್ಲ. ಮಂಡಿನೋವಿನ ತಾಯಿ, ತಲೆಸುತ್ತುವ ತಂದೆ ಮರದ ನೆರಳಲ್ಲಿ ಚೀಲ ಕಾಯುತ್ತಾ ಕೂರುವುದಕ್ಕೂ ಹಣ ತೆರಬೇಕು. ಇನ್ನೊಂದು ಕಡೆ, ಹೆಚ್ಚು ಕೊಟ್ಟವರು ಸಾಲನ್ನು ದಾಟಿ ಮುಂದೆ ಹೋಗುವ ವಿಶೇಷ ಟಿಕೆಟ್ಟುಗಳು ಬಂದಿವೆ. ಟೆಂಟ್ ಸಿನಿಮಾದ ದರ್ಜೆ ಮರಳಿ ಬಂದಿದೆ. ಕುರ್ಚಿ ಇದೆ, ಕುರ್ಚಿಗಿಂತ ಮೇಲಿನದ್ದೂ ಇದೆ. ನೆಲದ ಟಿಕೆಟ್ಟು ಮಾತ್ರ ಕಾಣೆಯಾಗಿದೆ.

ಕಾಣದ ಬೇಲಿ

ಹಾಗೆಂದು ಜಾತ್ರೆಯನ್ನು ಸ್ವರ್ಗವೆಂದು ಹೊಗಳಲು ನಾವು ಸಿದ್ಧರಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯ ಊರಹಬ್ಬದಲ್ಲಿ ದಲಿತ ಬಾಲಕನೊಬ್ಬ ದೇವರ ಕೋಲನ್ನು ಮುಟ್ಟಿದನೆಂದು ಅವನ ಕುಟುಂಬಕ್ಕೆ 60 ಸಾವಿರ ರೂಪಾಯಿ ದಂಡ ಹಾಕಲಾಯಿತು. ಪ್ರವೇಶ ಶುಲ್ಕವಿಲ್ಲದ ಉತ್ಸವದಲ್ಲಿ ಒಂದು ಮಗುವಿನ ಸ್ಪರ್ಶಕ್ಕೆ ಕಟ್ಟಿದ ಬೆಲೆ ಅದು! ಯಾವ ಪಾರ್ಕಿನ ಟಿಕೆಟ್ಟೂ ಅಷ್ಟು ದುಬಾರಿಯಲ್ಲ. ಪಾರ್ಕಿನ ಗೇಟಿನಲ್ಲಿ ಜಾತಿ ಕೇಳುವುದಿಲ್ಲ, ಧರ್ಮ ಕೇಳುವುದಿಲ್ಲ. ಅದೇ ಕೊಳದ ನೀರಿನಲ್ಲಿ ಎಲ್ಲರ ಮಕ್ಕಳೂ ಆಡುತ್ತಾರೆ. ಹಣ ಕೊಟ್ಟು ಪಡೆದ ಈ ಸಮಾನತೆ ಚಿಕ್ಕದಲ್ಲ. ಆದರೆ ಜಾತಿಯ ಬೇಲಿಯಿಂದ ಹೊರಗುಳಿದ ಕುಟುಂಬಗಳಲ್ಲಿ ಹಣದ ಬೇಲಿಯಿಂದಲೂ ಹೊರಗುಳಿಯುವವರೇ ಹೆಚ್ಚಲ್ಲವೇ?

ಮನರಂಜನೆ ವ್ಯರ್ಥ ಕಾಲಹರಣವೆಂದು ಮೂಗು ಮುರಿಯುವವರು ನಮ್ಮಲ್ಲಿ ಕೆಲವರಿದ್ದಾರೆ. ಹಬ್ಬದ ದಿನ ಮದೀನಾದ ಮಸೀದಿಯಲ್ಲಿ ಅಬಿಸೀನಿಯಾದವರು ಈಟಿಯಾಟ ಆಡಿದಾಗ ಪ್ರವಾದಿಯವರು (ಸ) ಅದನ್ನು ತಡೆಯಲಿಲ್ಲ. ಹಜರತ್ ಆಯಿಶಾ (ರ) ಅವರು ಸಾಕೆನಿಸುವಷ್ಟು ಹೊತ್ತು ನೋಡಲು ಬಿಟ್ಟರು. ಸಂತೋಷ ನಿಷಿದ್ಧವಲ್ಲ. ದುಂದುವೆಚ್ಚವೂ ಬೇಡ, ಜಿಪುಣತನವೂ ಬೇಡ ಎಂಬ ನಡುವಿನ ದಾರಿಯನ್ನು ಇಸ್ಲಾಮ್ ಕಲಿಸುತ್ತದೆ. ಸಾಲ ಮಾಡಿ ಪಾರ್ಕಿಗೆ ಹೋಗುವುದು ಆ ದಾರಿಯಲ್ಲ. ಮಕ್ಕಳಿಗೆ ಆಟವೇ ಬೇಡವೆನ್ನುವುದೂ ಆ ದಾರಿಯಲ್ಲ.

ಆಗಬೇಕಾದದ್ದೇನು? ಸವಾರಿ ಮಾಡದ ಹಿರಿಯರಿಗೆ ಕನಿಷ್ಠ ದರದ ಪ್ರವೇಶ ಸಿಗಲಿ. ಸರ್ಕಾರಿ ಶಾಲೆಗಳ ಮಕ್ಕಳ ಪ್ರವಾಸಕ್ಕೆ ಮನರಂಜನೆಯ ತೆರಿಗೆಯಿಂದಲೇ ಒಂದು ಪಾಲು ಹೋಗಲಿ. ಎಲ್ಲಕ್ಕಿಂತ ಮುಖ್ಯವಾಗಿ, ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಪುರಸಭೆ, ನಗರಸಭೆಗಳು ಮಕ್ಕಳಿಗೆ ಗಟ್ಟಿಯಾದ ಉಯ್ಯಾಲೆ, ಜಾರುಬಂಡೆ, ನೀರು, ನೆರಳು, ಹೆಣ್ಣುಮಕ್ಕಳಿಗೆ ಶೌಚಾಲಯವಿರುವ ಉದ್ಯಾನಗಳನ್ನು ಕಟ್ಟಲಿ. ಬೂದಿಕೋಟೆಯಲ್ಲಿ ಹುಟ್ಟಿದ ನಮ್ಮ ಜಿಲ್ಲೆಯ ಹೈದರಾಲಿ 1760ರಲ್ಲಿ ಶುರುಮಾಡಿದ ಲಾಲ್‌ಬಾಗ್ ಅರಸರ ತೋಟವಾಗಿತ್ತು. ಮುಂದೆ ಜನರ ತೋಟವಾಯಿತು. ಈಗ ಅಲ್ಲಿಯೂ ಟಿಕೆಟ್ಟಿದೆ, ಆದರೆ ಒಂದು ದಿನದ ಕೂಲಿಯಲ್ಲಿ ಇಡೀ ಮನೆಮಂದಿ ಒಳಗೆ ಹೋಗಬಹುದು. ಆ ತೋಟ ಬೆಂಗಳೂರಿಗೆ ಸಿಕ್ಕಿತು. ಹೈದರನ ತಂದೆ ಫತೇಹ್ ಮುಹಮ್ಮದ್ ಮಲಗಿರುವ ಕೋಲಾರದ ಮಕ್ಕಳಿಗೆ ಅಂಥದ್ದೊಂದು ತೋಟ ಸಿಗುವುದು ಯಾವಾಗ?

ಸಾವಿರ ರೂಪಾಯಿಗೆ ಎಷ್ಟು ಆಟ ಸಿಕ್ಕಿತೆಂದು ಲೆಕ್ಕ ಹಾಕುವುದು ಸುಲಭ. ಮನೆಯ ಎಷ್ಟು ಮಂದಿ ಹೋಗಲು ಸಾಧ್ಯವಾಯಿತು, ಬೀದಿಯ ಎಷ್ಟು ಮಕ್ಕಳು ಉಳಿದುಕೊಂಡರು ಎಂಬ ಲೆಕ್ಕವನ್ನೂ ನಮ್ಮ ಪುರಸಭೆಗಳು ಬಜೆಟ್ಟಿನ ದಿನ ಒಮ್ಮೆ ಹಾಕಿ ನೋಡಲಿ.